ವಿಲಕ್ಷಣ ಕಾಮ: ಮನೋವಿಜ್ಞಾನ ಮತ್ತು ಚಿಕಿತ್ಸೆ

ಬಹುಪಾಲು ಜನರ ಕಾಮಾಸಕ್ತಿ ಒಪ್ಪಿಗೆಯುಳ್ಳ ವಯಸ್ಕ ಸಂಗಾತಿಯ ಕಡೆಗೆ ಹರಿಯುತ್ತದೆ. ಕೆಲವರಲ್ಲಿ ಅದು ಒಂದು ವಸ್ತುವಿನ ಮೇಲೆ, ನೋವು ಕೊಡುವುದರ ಅಥವಾ ಉಣ್ಣುವುದರ ಮೇಲೆ, ಅಪರಿಚಿತರನ್ನು ಕದ್ದು ನೋಡುವುದರ ಮೇಲೆ, ಇಲ್ಲವೇ ಮಕ್ಕಳ ಮೇಲೆ ನೆಲೆ ನಿಲ್ಲುತ್ತದೆ. ಹೀಗೆ ಬಲವಾಗಿ ಬೇರೂರಿ ಬಹುಕಾಲ ಉಳಿಯುವ ಆಸಕ್ತಿಯನ್ನು ಮನೋವೈದ್ಯರು ಪ್ಯಾರಾಫಿಲಿಯ ಎಂದು ಕರೆಯುತ್ತಾರೆ. ಗ್ರೀಕ್ ಭಾಷೆಯಲ್ಲಿ ಪ್ಯಾರಾ ಎಂದರೆ ಪಕ್ಕದ್ದು, ಫಿಲಿಯ ಎಂದರೆ ಒಲವು. ನಮ್ಮ ಪತ್ರಿಕೆಗಳಲ್ಲಿ ಇದಕ್ಕೆಲ್ಲ ಇರುವುದು ಒಂದೇ ಮಾತು: ವಿಕೃತಕಾಮ. ಈ ಒಂದು ಮಾತಿನೊಳಗೆ ಬಯಕೆ, ಕಾಯಿಲೆ, ಅಪರಾಧ ಮೂರೂ ಕಲಸಿಹೋಗಿವೆ. ಬಸ್ಸಿನ ನೂಕುನುಗ್ಗಲಿನಲ್ಲಿ ಹೆಂಗಸರ ಮೈಗೆ ಮೈ ಉಜ್ಜುವವನು, ಹೆಂಡತಿಯ ಒಪ್ಪಿಗೆ ಪಡೆದು ಮನೆಯೊಳಗೆ ತನ್ನದೊಂದು ವಿಚಿತ್ರ ಆಸೆ ತೀರಿಸಿಕೊಳ್ಳುವವನು, ತನ್ನ ತಲೆಗೆ ಬಂದ ಯೋಚನೆಗೇ ಹೆದರಿ ನಿದ್ದೆಗೆಟ್ಟವನು, ಈ ಮೂವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಮೊದಲನೆಯವನು ಅಪರಾಧಿ. ಎರಡನೆಯವನಿಗೆ ವೈದ್ಯರೂ ಬೇಡ, ಪೊಲೀಸರೂ ಬೇಡ. ಮೂರನೆಯವನಿಗೆ ಆದಷ್ಟು ಬೇಗ ವೈದ್ಯರು ಬೇಕು.

ಹೆಸರಿನ ಇತಿಹಾಸ

ಒಲವು ಲೋಕದ ಅಂದಾಜಿಗೆ ಸಿಗುವುದಿಲ್ಲ ಎಂಬುದು ಕನ್ನಡಿಗರಿಗೆ ಹೊಸ ಸಂಗತಿಯಲ್ಲ. ಜನ್ನ 1209ರಲ್ಲಿ ಬರೆದ ಯಶೋಧರ ಚರಿತೆಯಲ್ಲಿ ರಾಣಿ ಅಮೃತಮತಿ ಮಾವುತ ಅಷ್ಟಾವಂಕನ ಹಾಡಿಗೆ ಮನಸೋಲುತ್ತಾಳೆ. ಅವನ ಕುರೂಪದ ವರ್ಣನೆ ಕೇಳಿಯೂ ಹಿಂದೆಗೆಯುವುದಿಲ್ಲ. ತಡವಾಗಿ ಬಂದಳೆಂದು ಅವನು ಬಡಿದರೂ ಬಿಟ್ಟು ಹೋಗುವುದಿಲ್ಲ. ಅವಳ ನಡತೆಯನ್ನು ಕವಿ ಕಾಮನ ಆಟವೆಂದು, ವಿಧಿಯೆಂದು, ಪಾಪವೆಂದು ಕಂಡನೇ ಹೊರತು ಕಾಯಿಲೆಯೆಂದು ಹೆಸರಿಸಲಿಲ್ಲ. ಕಾಯಿಲೆಯ ಹೆಸರುಗಳು ಬಂದದ್ದು 19ನೇ ಶತಮಾನದ ಯುರೋಪಿನಿಂದ.

ಆಸ್ಟ್ರಿಯದ ಗ್ರಾಟ್ಸ್ ನಗರದಲ್ಲಿ ಪ್ರಾಧ್ಯಾಪಕರಾಗಿದ್ದ ಮನೋವೈದ್ಯ ರಿಚರ್ಡ್ ಫಾನ್ ಕ್ರಾಫ್ಟ್-ಎಬಿಂಗ್ 1886ರಲ್ಲಿ ‘ಸೈಕೊಪಾಥಿಯ ಸೆಕ್ಸುಆಲಿಸ್’ ಗ್ರಂಥವನ್ನು ಪ್ರಕಟಿಸಿದರು. ನ್ಯಾಯಾಧೀಶರಿಗೂ ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವ ವೈದ್ಯರಿಗೂ ಬರೆದ ಪುಸ್ತಕವದು. ಜನಸಾಮಾನ್ಯರ ಕಣ್ಣಿಗೆ ಬೀಳದಿರಲೆಂದು ಕೆಲವು ಭಾಗಗಳನ್ನು ಲ್ಯಾಟಿನ್‌ನಲ್ಲಿ ಬರೆದಿದ್ದರು. ಆದರೂ ಜನ ಓದಿದರು, ಆವೃತ್ತಿಯ ಮೇಲೆ ಆವೃತ್ತಿ ಬಂತು. ಎಷ್ಟೋ ಓದುಗರು ತಮ್ಮ ಬದುಕಿನ ಕಥೆಯನ್ನೇ ಕಾಗದದಲ್ಲಿ ಬರೆದು ಅವರಿಗೆ ಕಳಿಸಿದರು. ಬೇರೆಯವರಿಗೆ ನೋವು ಕೊಟ್ಟು ಸುಖಪಡುವುದನ್ನು ಫ್ರೆಂಚ್ ಲೇಖಕ ಮಾರ್ಕಿ ದ ಸಾದ್‌ನ ಹೆಸರಿನಿಂದ ಸೇಡಿಸಂ ಎಂದೂ, ತಾನೇ ನೋವುಂಡು ಸುಖಪಡುವುದನ್ನು ಆಗಿನ್ನೂ ಬದುಕಿದ್ದ ಕಾದಂಬರಿಕಾರ ಸಾಕರ್-ಮಾಸೋಕ್‌ನ ಹೆಸರಿನಿಂದ ಮ್ಯಾಸೊಕಿಸಂ ಎಂದೂ ಅವರು ಕರೆದರು. ಪುಸ್ತಕ ಬಂದ ಮರುವರ್ಷವೇ, ಅಂದರೆ 1887ರಲ್ಲಿ, ಮುಂದೆ ಬುದ್ಧಿಮತ್ತೆಯ ಪರೀಕ್ಷೆಯಿಂದ ಹೆಸರಾದ ಆಲ್ಫ್ರೆಡ್ ಬಿನೆ, ಪಾದರಕ್ಷೆ ಬಟ್ಟೆಗಳಂಥ ವಸ್ತುಗಳ ಮೇಲಿನ ಕಾಮಾಸಕ್ತಿಗೆ ಫೆಟಿಶಿಸಂ ಎಂಬ ಮಾತನ್ನು ಬಳಕೆಗೆ ತಂದರು. ಕನ್ನಡದಲ್ಲಿ ಇದನ್ನು ವಸ್ತುಮೋಹ ಎನ್ನಬಹುದು. 1905ರಲ್ಲಿ ಫ್ರಾಯ್ಡ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಇಂಥ ಒಲವುಗಳ ಬೀಜ ಎಲ್ಲರ ಬಾಲ್ಯದಲ್ಲೂ ಇರುತ್ತದೆ ಎಂದರು. ಅವರ ಸಿದ್ಧಾಂತದ ಬಹುಭಾಗವನ್ನು ಇಂದಿನ ವಿಜ್ಞಾನ ಒಪ್ಪುವುದಿಲ್ಲ. ಆದರೆ ‘ಅವರು’ ಮತ್ತು ‘ನಾವು’ ಎಂಬ ಗೋಡೆಗೆ ಮೊದಲ ಬಿರುಕು ಬಿಟ್ಟದ್ದು ಆಗ.

ಕಾಯಿಲೆಯ ಹೆಸರು ಕೊಡುವ ಈ ಅಧಿಕಾರದಿಂದ ಆದ ಅನಾಹುತಕ್ಕೆ ಸಲಿಂಗಪ್ರೇಮದ ಇತಿಹಾಸವೇ ಸಾಕ್ಷಿ. ಶತಮಾನದುದ್ದಕ್ಕೂ ಅದನ್ನು ಈ ಪಟ್ಟಿಯಲ್ಲೇ ಇಟ್ಟಿದ್ದರು. ಬರ್ಲಿನ್‌ನಲ್ಲಿ 1919ರಲ್ಲಿ ಲೈಂಗಿಕ ವಿಜ್ಞಾನ ಸಂಸ್ಥೆಯನ್ನು ಕಟ್ಟಿದ ಮಾಗ್ನುಸ್ ಹಿರ್ಷ್‌ಫೆಲ್ಡ್ ಅದು ರೋಗವಲ್ಲ ಎಂದು ವಾದಿಸಿದರು. 1931ರಲ್ಲಿ ಅವರು ಭಾರತಕ್ಕೂ ಬಂದು ಉಪನ್ಯಾಸ ಮಾಡಿದ್ದರು. 1933ರಲ್ಲಿ ನಾಜಿಗಳು ಆ ಸಂಸ್ಥೆಯನ್ನು ಕೊಳ್ಳೆಹೊಡೆದು ಪುಸ್ತಕಗಳನ್ನು ಬೀದಿಯಲ್ಲಿ ಸುಟ್ಟರು. ಅಮೆರಿಕದ ಮನೋವಿಜ್ಞಾನಿ ಎವೆಲಿನ್ ಹುಕರ್ 1957ರಲ್ಲಿ ಸಲಿಂಗಿ ಪುರುಷರ ಮತ್ತು ಇತರ ಪುರುಷರ ಮನಃಪರೀಕ್ಷೆಗಳನ್ನು ಹೆಸರಿಲ್ಲದೆ ತಜ್ಞರ ಮುಂದಿಟ್ಟರು. ಯಾರು ಯಾರೆಂದು ಗುರುತಿಸಲು ತಜ್ಞರಿಂದ ಆಗಲಿಲ್ಲ. ಅಮೆರಿಕದ ಮನೋವೈದ್ಯಕೀಯ ಸಂಘ 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಅದನ್ನು ಕಾಯಿಲೆಗಳ ಪಟ್ಟಿಯಿಂದ ಕೈಬಿಟ್ಟವು. 2018ರ ಸೆಪ್ಟೆಂಬರ್ 6ರಂದು ನಮ್ಮ ಸುಪ್ರೀಂ ಕೋರ್ಟ್ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ತೀರ್ಪು ಕೊಟ್ಟಿತು. ಸಲಿಂಗಿಗಳನ್ನು ‘ಸರಿಪಡಿಸುತ್ತೇವೆ’ ಎನ್ನುವ ಚಿಕಿತ್ಸೆಯನ್ನು 2021ರಲ್ಲಿ ಮದ್ರಾಸ್ ಹೈಕೋರ್ಟ್ ನಿಷೇಧಿಸಿತು, 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ವೃತ್ತಿ ದುರ್ನಡತೆ ಎಂದು ಸಾರಿತು. ಹಾಗೆಯೇ ಲಿಂಗತ್ವ ಅಲ್ಪಸಂಖ್ಯಾತರು, ನಮ್ಮ ಉತ್ತರ ಕರ್ನಾಟಕದ ಜೋಗಪ್ಪಗಳು ಸೇರಿ, ಈ ಲೇಖನದ ವ್ಯಾಪ್ತಿಗೆ ಬರುವುದೇ ಇಲ್ಲ. ಅದು ತಾನು ಯಾರು ಎಂಬ ಪ್ರಶ್ನೆ, ಯಾವುದರ ಮೇಲೆ ಆಸೆ ಎಂಬ ಪ್ರಶ್ನೆಯಲ್ಲ.

ಗೆರೆ ಎಲ್ಲಿದೆ?

ಇಂದು ವೈದ್ಯರು ಎರಡು ಪ್ರಶ್ನೆಗಳ ಮೇಲೆ ಗೆರೆ ಎಳೆಯುತ್ತಾರೆ. ಈ ಆಸಕ್ತಿಯಿಂದ ಆ ವ್ಯಕ್ತಿಗೇ ತೀವ್ರ ಸಂಕಟವಾಗುತ್ತಿದೆಯೇ, ಬದುಕು ನಡೆಸಲು ಕಷ್ಟವಾಗುತ್ತಿದೆಯೇ? ಒಪ್ಪಿಗೆ ಕೊಡದ ಅಥವಾ ಕೊಡಲಾರದ ಇನ್ನೊಬ್ಬರಿಗೆ ಹಾನಿಯಾಗುತ್ತಿದೆಯೇ? ಎರಡಕ್ಕೂ ಉತ್ತರ ಇಲ್ಲ ಎಂದಾದರೆ ಅದು ವಿಲಕ್ಷಣ ಆಸಕ್ತಿಯಷ್ಟೇ, ಕಾಯಿಲೆಯಲ್ಲ. ಅಮೆರಿಕದ ಮನೋವೈದ್ಯಕೀಯ ಸಂಘ 2013ರಲ್ಲಿ ತಂದ ಕೈಪಿಡಿ ಡಿಎಸ್‌ಎಂ-5 ಈ ಭೇದವನ್ನು ಸ್ಪಷ್ಟವಾಗಿ ಮಾಡಿತು. ಅದು ಎಂಟು ತೊಂದರೆಗಳನ್ನು ಹೆಸರಿಸುತ್ತದೆ: ಕದ್ದು ಇಣುಕುವುದು, ಅಪರಿಚಿತರ ಮುಂದೆ ಗುಪ್ತಾಂಗ ಪ್ರದರ್ಶಿಸುವುದು, ಗುಂಪಿನಲ್ಲಿ ಮೈ ಉಜ್ಜುವುದು, ಆತ್ಮಪೀಡನ, ಪರಪೀಡನ, ಮಕ್ಕಳ ಮೇಲಿನ ಕಾಮ, ವಸ್ತುಮೋಹ, ಹಾಗೂ ವಿರುದ್ಧ ಲಿಂಗದ ಉಡುಪಿನಿಂದ ಕಾಮೋದ್ರೇಕ. ಲಕ್ಷಣಗಳು ಕನಿಷ್ಠ ಆರು ತಿಂಗಳು ಇರಬೇಕು. 2022ರ ಜನವರಿಯಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಇನ್ನೂ ಮುಂದೆ ಹೋಗಿ, ವಸ್ತುಮೋಹವನ್ನೂ ಸಮ್ಮತಿಯ ಪೀಡನಕಾಮವನ್ನೂ ಪಟ್ಟಿಯಿಂದ ತೆಗೆದುಹಾಕಿತು. ಪೀಡನಕಾಮದಲ್ಲಿ ಬಲವಂತದ ಪರಪೀಡನವನ್ನು ಮಾತ್ರ ಉಳಿಸಿಕೊಂಡಿತು. ಇದು ಸರಿಯಾದ ನಿರ್ಧಾರ. ಆಸೆ ವಿಚಿತ್ರವೋ ಸಾಮಾನ್ಯವೋ ಎಂಬುದಕ್ಕಿಂತ ಒಪ್ಪಿಗೆ ಇದೆಯೋ ಇಲ್ಲವೋ ಎಂಬುದೇ ಇಲ್ಲಿ ಮುಖ್ಯ.

ವಿಚಿತ್ರವೆಂದು ನಾವು ಎಣಿಸುವುದು ಎಣಿಕೆಯಲ್ಲಿ ಅಷ್ಟೇನೂ ಅಪರೂಪವಲ್ಲ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 1,040 ಮಂದಿಯನ್ನು ಕೇಳಿ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಇಂಥ ಒಂದಾದರೂ ಆಸಕ್ತಿ ತಮಗಿದೆ ಎಂದರು. ಮೂರರಲ್ಲಿ ಒಂದು ಪಾಲು ಜನ ಒಮ್ಮೆಯಾದರೂ ಆಚರಿಸಿದ್ದರು. ಸ್ವೀಡನ್‌ನಲ್ಲಿ 2,450 ಜನರ ಸಮೀಕ್ಷೆಯಲ್ಲಿ ಶೇ 7.7ರಷ್ಟು ಮಂದಿ ಕದ್ದು ನೋಡಿ ಉದ್ರೇಕಗೊಂಡದ್ದನ್ನೂ, ಶೇ 3.1ರಷ್ಟು ಮಂದಿ ಅಪರಿಚಿತರ ಮುಂದೆ ಅಂಗ ತೋರಿಸಿ ಉದ್ರೇಕಗೊಂಡದ್ದನ್ನೂ ಒಪ್ಪಿಕೊಂಡರು. ಈ ತೊಂದರೆಗಳು ಗಂಡಸರಲ್ಲೇ ಹೆಚ್ಚು. ಆಸಕ್ತಿ ಸಾಮಾನ್ಯವಾಗಿ ಹದಿಹರೆಯದಲ್ಲೇ ತಲೆಹಾಕುತ್ತದೆ. ವೈದ್ಯರ ಬಳಿಗೆ ಬರುವುದು ಎಷ್ಟೋ ವರ್ಷಗಳ ನಂತರ, ಅದೂ ಮುಜುಗರದ ಘಟನೆಯೊಂದು ನಡೆದ ಮೇಲೆ.

ಮಕ್ಕಳ ವಿಷಯದಲ್ಲಿ ಮಾತು ಸ್ಪಷ್ಟವಾಗಿರಬೇಕು. ಪ್ರಾಯಕ್ಕೆ ಬಾರದ ಮಕ್ಕಳ ಮೇಲೆ ನಿರಂತರ ಕಾಮಾಸಕ್ತಿ ಇರುವುದಕ್ಕೆ ಪೀಡೋಫಿಲಿಯ ಎಂದು ಹೆಸರು. ಹೀಗೆ ಆಸಕ್ತಿ ಇರುವ ಎಲ್ಲರೂ ಮಗುವನ್ನು ಮುಟ್ಟುವುದಿಲ್ಲ. ಮಕ್ಕಳ ಮೇಲೆ ದೌರ್ಜನ್ಯ ಎಸಗುವ ಎಲ್ಲರಲ್ಲೂ ಈ ಆಸಕ್ತಿ ಇರುವುದಿಲ್ಲ. ಕೈಗೆ ಸಿಕ್ಕ ಅವಕಾಶ, ಕುಡಿತ, ದರ್ಪ, ಮನೆಯೊಳಗಿನ ಅಧಿಕಾರ ಇವೂ ದೌರ್ಜನ್ಯಕ್ಕೆ ದಾರಿಯಾಗುತ್ತವೆ. ಯಾವ ದಾರಿಯಿಂದ ಬಂದರೂ ಮಾಡಿದವನ ಹೊಣೆ ಕಡಿಮೆಯಾಗುವುದಿಲ್ಲ. ಮಗು ಎಂದೂ ಒಪ್ಪಿಗೆ ಕೊಡಲಾರದು.

ಕಾರಣದ ಹುಡುಕಾಟ

ಒಂದೇ ಕಾರಣ ಇಲ್ಲ. ಕಲಿಕೆಯಿಂದ ಬರುತ್ತದೆಯೇ ಎಂದು ನೋಡಲು ಲಂಡನ್‌ನ ಮನೋವಿಜ್ಞಾನಿ ಸ್ಟ್ಯಾನ್ಲಿ ರಾಕ್‌ಮನ್ 1966ರಲ್ಲಿ ಮೂವರು ಯುವಕರಿಗೆ ಕಪ್ಪು ಬೂಟುಗಳ ಚಿತ್ರ ತೋರಿಸಿ, ಬೆನ್ನಿಗೇ ಸುಂದರ ಹೆಣ್ಣುಗಳ ಚಿತ್ರ ತೋರಿಸುತ್ತ ಹೋದರು. ಕೊನೆಗೆ ಬೂಟು ಕಂಡರೇ ಅವರ ಮೈ ಉದ್ರೇಕಗೊಳ್ಳತೊಡಗಿತು. ಹೆಣ್ಣಿನ ಚಿತ್ರ ನಿಲ್ಲಿಸಿದಾಗ ಅದು ಮಾಯವೂ ಆಯಿತು. ನಿಜಜೀವನದ ವಸ್ತುಮೋಹ ಅಷ್ಟು ಸುಲಭವಾಗಿ ಮಾಯವಾಗುವುದಿಲ್ಲವಾದ್ದರಿಂದ ಕಲಿಕೆಯೊಂದೇ ಉತ್ತರವಲ್ಲ. ಬಾಲ್ಯದಲ್ಲಿ ದೌರ್ಜನ್ಯ ಉಂಡವರೇ ಮುಂದೆ ದೌರ್ಜನ್ಯ ಎಸಗುತ್ತಾರೆ ಎಂಬ ಮಾತಂತೂ ಅರ್ಧಸತ್ಯ. ದೌರ್ಜನ್ಯ ಉಂಡವರಲ್ಲಿ ಬಹುಪಾಲು ಜನ ಯಾರಿಗೂ ಕೇಡು ಮಾಡದೆ ಬಾಳುತ್ತಾರೆ. ಅವರ ಮೇಲೆ ಈ ಮಾತು ಹೊರಿಸುವುದು ಗಾಯದ ಮೇಲೆ ಬರೆ ಎಳೆದಂತೆ.

ಮಿದುಳಿನ ಪಾತ್ರವನ್ನು ತೋರುವ ಎರಡು ಪ್ರಕರಣಗಳು ವೈದ್ಯ ಸಾಹಿತ್ಯದಲ್ಲಿ ಪ್ರಸಿದ್ಧವಾಗಿವೆ. ಒಂದು 1954ರಲ್ಲಿ ಇಂಗ್ಲೆಂಡಿನಿಂದ ವರದಿಯಾದದ್ದು. 38 ವರ್ಷದ ಒಬ್ಬನಿಗೆ ಬಾಲ್ಯದಿಂದಲೂ ಹೊಳೆಯುವ ಸೇಫ್ಟಿ ಪಿನ್ ನೋಡಿದರೆ ಹೇಳಲಾಗದ ಸುಖ. ಒಬ್ಬನೇ ಹೋಗಿ ಪಿನ್ ದಿಟ್ಟಿಸುತ್ತ ನಿಲ್ಲುತ್ತಿದ್ದ. ದೊಡ್ಡವನಾದ ಮೇಲೆ ಆ ಸುಖದ ಬೆನ್ನಿಗೇ ಮೂರ್ಛೆಯೂ ಬರತೊಡಗಿತು. ಶಸ್ತ್ರವೈದ್ಯರು ಮೂರ್ಛೆರೋಗಕ್ಕಾಗಿ ಮಿದುಳಿನ ಪಕ್ಕದ ಹಾಲೆಯ ಒಂದು ಭಾಗ ತೆಗೆದರು. ಮೂರ್ಛೆಯೂ ಹೋಯಿತು, ಪಿನ್ನಿನ ಸೆಳೆತವೂ ಹೋಯಿತು. ಇನ್ನೊಂದು ಅಮೆರಿಕದ್ದು, 2003ರ ವರದಿ: 40 ವರ್ಷದ ಶಿಕ್ಷಕನೊಬ್ಬನಲ್ಲಿ ಹಿಂದೆಂದೂ ಇಲ್ಲದ, ಮಕ್ಕಳ ಮೇಲಿನ ಕಾಮ ಇದ್ದಕ್ಕಿದ್ದಂತೆ ಕಾಣಿಸಿಕೊಂಡಿತು. ಜೈಲಿಗೆ ಹೋಗುವ ಮುನ್ನ ತಲೆನೋವೆಂದು ಆಸ್ಪತ್ರೆಗೆ ಬಂದಾಗ ಹಣೆಯ ಹಿಂದಿನ ಮಿದುಳಿನಲ್ಲಿ ಗಡ್ಡೆ ಸಿಕ್ಕಿತು. ತೆಗೆದಾಗ ಆಸೆ ಅಡಗಿತು. ಗಡ್ಡೆ ಮತ್ತೆ ಬೆಳೆದಾಗ ಮರಳಿತು. ಎರಡನೆಯ ಬಾರಿ ತೆಗೆದಾಗ ಮತ್ತೆ ಅಡಗಿತು. ಇವು ಅಪರೂಪದ ಪ್ರಕರಣಗಳು. ಆದರೂ ಐವತ್ತರ ನಂತರ ಮನುಷ್ಯನ ಲೈಂಗಿಕ ನಡತೆ ಥಟ್ಟನೆ ಬದಲಾದರೆ ‘ಮುದುಕನಿಗೆ ಬುದ್ಧಿ ಕೆಟ್ಟಿದೆ’ ಎಂದು ಬೈದು ಸುಮ್ಮನಾಗಬಾರದು. ಮರೆವಿನ ಕಾಯಿಲೆ, ಗಡ್ಡೆ, ಪಾರ್ಕಿನ್ಸನ್ ಕಾಯಿಲೆಗೆ ಕೊಡುವ, ಡೋಪಮಿನ್‌ನಂತೆ ಕೆಲಸ ಮಾಡುವ ಮಾತ್ರೆಗಳ ಅಡ್ಡಪರಿಣಾಮ, ಇವನ್ನೆಲ್ಲ ನೋಡಲೇಬೇಕು.

ಯಾವುದು ಅಲ್ಲ ಎಂಬುದನ್ನು ತಿಳಿಯುವುದು

ಚಿಕಿತ್ಸಾಲಯಕ್ಕೆ ಬರುವವರಲ್ಲಿ ಅನೇಕರಿಗೆ ಇರುವುದು ಪ್ಯಾರಾಫಿಲಿಯವೇ ಅಲ್ಲ. ಗೀಳು ಮನೋರೋಗ ಇದರಲ್ಲಿ ಮೊದಲನೆಯದು. ಹೊಸದಾಗಿ ತಂದೆಯಾದವನೊಬ್ಬ ಮಗುವಿಗೆ ಸ್ನಾನ ಮಾಡಿಸಲು ಹೆದರುತ್ತಾನೆ. ‘ನಾನೇನಾದರೂ ಕೆಟ್ಟದ್ದು ಮಾಡಿಬಿಟ್ಟರೆ?’ ಎಂಬ ಯೋಚನೆ ದಿನಕ್ಕೆ ನೂರು ಸಲ ಬರುತ್ತದೆ. ಮಗುವನ್ನು ಎತ್ತಿಕೊಳ್ಳುವುದನ್ನೇ ಬಿಡುತ್ತಾನೆ, ದೇವರ ಮುಂದೆ ತಪ್ಪೊಪ್ಪಿಕೊಳ್ಳುತ್ತಾನೆ, ಹೆಂಡತಿಗೆ ಹೇಳಲಾರ. ಅವನಿಗೆ ಆ ಯೋಚನೆಯಿಂದ ಸುಖವಿಲ್ಲ, ಬರೀ ಅಸಹ್ಯ ಮತ್ತು ಭಯ. ಇದು ಕಾಮವಲ್ಲ, ಗೀಳು. ಇದಕ್ಕೆ ಔಷಧಿ ಮತ್ತು ವರ್ತನಾ ಚಿಕಿತ್ಸೆ ಚೆನ್ನಾಗಿ ಕೆಲಸ ಮಾಡುತ್ತವೆ. ಇಂಥವನನ್ನು ವಿಕೃತಕಾಮಿ ಎಂದು ತಪ್ಪಾಗಿ ಗುರುತಿಸಿದರೆ ಒಂದು ಸಂಸಾರವೇ ಮುರಿಯುತ್ತದೆ.

ಉನ್ಮಾದದ ಏರಿನಲ್ಲಿರುವವರು, ಬುದ್ಧಿಬೆಳವಣಿಗೆ ಕುಂಠಿತವಾಗಿ ಸಾರ್ವಜನಿಕ ಮತ್ತು ಖಾಸಗಿ ಎಂಬ ಭೇದವನ್ನೇ ಕಲಿಯದವರು ಕೂಡ ಹೀಗೆ ತಪ್ಪು ಪಟ್ಟಿಗೆ ಸೇರುತ್ತಾರೆ. ಅತಿಯಾದ ಅಶ್ಲೀಲ ವಿಡಿಯೊ ವೀಕ್ಷಣೆ, ತಡೆಯಲಾಗದ ಸಂಭೋಗದ ಚಟ ಬೇರೆಯೇ ತೊಂದರೆ. ಐಸಿಡಿ-11 ಅದನ್ನು ಹತೋಟಿ ಮೀರಿದ ಲೈಂಗಿಕ ವರ್ತನೆಯ ತೊಂದರೆ ಎಂದು ಆವೇಗ ನಿಯಂತ್ರಣದ ಗುಂಪಿನಲ್ಲಿ ಇಟ್ಟಿದೆ. ‘ಇದು ಪಾಪ’ ಎಂಬ ಅಳುಕೊಂದೇ ಇದ್ದರೆ ರೋಗವೆನ್ನಬಾರದು ಎಂಬ ಎಚ್ಚರಿಕೆಯನ್ನೂ ಅದು ಕೊಟ್ಟಿದೆ. ನಮ್ಮಲ್ಲಿ ಆ ಅಳುಕೇ ದೊಡ್ಡ ವ್ಯಾಪಾರ. ಬಸ್ ನಿಲ್ದಾಣದ ಗೋಡೆಗಳ ಮೇಲಿನ ‘ಗುಪ್ತರೋಗ’ದ ಜಾಹೀರಾತುಗಳು ಹಸ್ತಮೈಥುನದಿಂದ ಧಾತು ಹೋಗಿ ನಿಶ್ಶಕ್ತಿ ಬರುತ್ತದೆ ಎಂದು ಹುಡುಗರನ್ನು ಹೆದರಿಸಿ ಸಾವಿರಾರು ರೂಪಾಯಿ ಸುಲಿಯುತ್ತವೆ. ಈ ಭಯಕ್ಕೆ ಭಾರತದ ಮನೋವೈದ್ಯ ಎನ್. ಎನ್. ವಿಗ್ 1960ರಲ್ಲಿ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಹಸ್ತಮೈಥುನ ಕಾಯಿಲೆಯಲ್ಲ, ಅದರಿಂದ ಯಾವ ಧಾತುವೂ ನಷ್ಟವಾಗುವುದಿಲ್ಲ.

ಚಿಕಿತ್ಸೆ

1956ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ವರದಿ ಹಳೆಯ ಚಿಕಿತ್ಸೆಯ ರೀತಿಯನ್ನು ಕಣ್ಣಿಗೆ ಕಟ್ಟುವಂತೆ ಹೇಳುತ್ತದೆ. 33 ವರ್ಷದ ವಿವಾಹಿತನೊಬ್ಬನಿಗೆ ಹೆಂಗಸರ ಕೈಚೀಲ ಮತ್ತು ಮಕ್ಕಳ ತಳ್ಳುಗಾಡಿ ಕಂಡರೆ ಉದ್ರೇಕ. ಬೀದಿಯಲ್ಲಿ ತಳ್ಳುಗಾಡಿಗಳನ್ನು ಗೀಚಿ, ಹರಿದು ಹಲವು ಸಲ ಪೊಲೀಸರ ಕೈಗೆ ಸಿಕ್ಕಿದ್ದ. ಹುಡುಗನಾಗಿದ್ದಾಗ ಉದ್ಯಾನದಲ್ಲಿ ಅವನ ಆಟಿಕೆಯ ದೋಣಿ ಒಂದು ತಳ್ಳುಗಾಡಿಗೆ ತಾಗಿ, ಗಾಡಿಯ ಹೆಂಗಸು ಗಾಬರಿಯಾದದ್ದು ಅವನ ಮನಸ್ಸಿನಲ್ಲಿ ಅಚ್ಚೊತ್ತಿತ್ತು. ವೈದ್ಯರು ಎರಡು ಗಂಟೆಗೊಮ್ಮೆ, ಹಗಲೂ ರಾತ್ರಿ, ವಾಂತಿ ಬರಿಸುವ ಅಪೊಮಾರ್ಫಿನ್ ಚುಚ್ಚುಮದ್ದು ಕೊಟ್ಟು, ವಾಕರಿಕೆ ಶುರುವಾಗುತ್ತಿದ್ದಂತೆ ಕೈಚೀಲ, ತಳ್ಳುಗಾಡಿಗಳನ್ನು ಮುಂದಿಟ್ಟರು. ಒಂದು ವಾರ ಹೀಗೆ ನಡೆಸಿ, ಎಂಟು ದಿನ ಮನೆಗೆ ಕಳಿಸಿ, ಮತ್ತೆ ಕರೆಸಿಕೊಂಡು ಮುಂದುವರಿಸಿದರು. ಕೊನೆಗೆ ಅವನು, ‘ಅವನ್ನು ತೆಗೆದುಕೊಂಡು ಹೋಗಿ’ ಎಂದು ಬಿಕ್ಕಿಬಿಕ್ಕಿ ಅತ್ತ. 19 ತಿಂಗಳ ನಂತರವೂ ಹಳೆಯ ಆಸೆ ಮರಳಿರಲಿಲ್ಲ ಎಂದು ವರದಿ ಹೇಳುತ್ತದೆ. ಅವನಿಗೆ ಒಳ್ಳೆಯದಾಗಿರಬಹುದು. ಆದರೆ ಇದೇ ಚುಚ್ಚುಮದ್ದನ್ನೂ ವಿದ್ಯುತ್ ಆಘಾತವನ್ನೂ ಸಲಿಂಗಿಗಳ ಮೇಲೆ ಬಳಸಿ ಎಷ್ಟೋ ಬದುಕುಗಳನ್ನು ಹಾಳುಮಾಡಿದರು. ಈಗ ಈ ಹಿಂಸೆಯ ವಿಧಾನವನ್ನು ಕೈಬಿಡಲಾಗಿದೆ, ಬಿಟ್ಟದ್ದೇ ಒಳ್ಳೆಯದು.

ಇಂದಿನ ಚಿಕಿತ್ಸೆ ಆಸೆಯನ್ನು ಬೇರುಸಹಿತ ಕಿತ್ತುಹಾಕುವ ಭರವಸೆ ಕೊಡುವುದಿಲ್ಲ. ಆಸೆಯನ್ನು ಹತೋಟಿಯಲ್ಲಿಟ್ಟುಕೊಂಡು, ಯಾರಿಗೂ ಕೇಡು ಮಾಡದೆ, ತಾನೂ ಬಾಳುವಂತೆ ಮಾಡುವುದು ಅದರ ಗುರಿ. ಅರಿವಿನ ವರ್ತನಾ ಚಿಕಿತ್ಸೆಯಲ್ಲಿ ಕೃತ್ಯಕ್ಕೆ ಮೊದಲು ನಡೆಯುವ ಸರಪಳಿಯನ್ನು ಬಿಡಿಸಿ ನೋಡುತ್ತಾರೆ. ಕೆಲಸದಲ್ಲಿ ಅವಮಾನ, ಸಂಜೆಯ ಒಂಟಿತನ, ಎರಡು ಪೆಗ್ಗು, ಆ ಬೀದಿಯ ಕಡೆಗೇ ತಿರುಗುವ ಕಾಲು, ‘ಅವಳಿಗೇನೂ ಬೇಸರವಿಲ್ಲ’ ಎಂದು ತನಗೆ ತಾನೇ ಹೇಳಿಕೊಳ್ಳುವ ಸುಳ್ಳು. ಸರಪಳಿಯ ಮೊದಲ ಕೊಂಡಿಯಲ್ಲೇ ನಿಲ್ಲುವುದನ್ನು ಕಲಿಸುತ್ತಾರೆ. ನ್ಯೂಜಿಲೆಂಡಿನ ಟೋನಿ ವಾರ್ಡ್ ರೂಪಿಸಿದ ‘ಒಳ್ಳೆಯ ಬದುಕು’ ಮಾದರಿ ಇದಕ್ಕೆ ಇನ್ನೊಂದನ್ನು ಸೇರಿಸಿತು: ಬೇಡವೆಂದಷ್ಟೇ ಹೇಳಿದರೆ ಸಾಲದು, ಸ್ನೇಹ, ಕೆಲಸ, ಸಂಗಾತಿ ಇವನ್ನು ಸರಿಯಾದ ದಾರಿಯಿಂದ ಗಳಿಸಲು ನೆರವಾಗಬೇಕು.

ಔಷಧಿಗಳು ಹಂತ ಹಂತವಾಗಿವೆ. ಸೌಮ್ಯ ತೊಂದರೆಗೆ, ಗೀಳಿನ ಸ್ವಭಾವ ಇದ್ದರೆ, ಫ್ಲುವೊಕ್ಸೆಟಿನ್, ಸರ್ಟ್ರಾಲಿನ್‌ನಂಥ ಮಾತ್ರೆಗಳು. ಹಾನಿಯ ಅಪಾಯ ಹೆಚ್ಚಿದ್ದರೆ ಪುರುಷ ಹಾರ್ಮೋನು ಟೆಸ್ಟೊಸ್ಟೆರೋನ್ ತಗ್ಗಿಸುವ ಸೈಪ್ರೊಟೆರೋನ್, ಅದಕ್ಕೂ ಮೇಲೆ ಲ್ಯುಪ್ರೊಲೈಡ್, ಟ್ರಿಪ್ಟೊರೆಲಿನ್ ಚುಚ್ಚುಮದ್ದುಗಳು. ಸ್ವೀಡನ್‌ನ ಕರೋಲಿನ್‌ಸ್ಕಾ ಸಂಸ್ಥೆಯವರು ಮಕ್ಕಳ ಮೇಲೆ ಆಸಕ್ತಿ ಇದ್ದು ತಾವಾಗಿಯೇ ನೆರವು ಕೇಳಿಬಂದ 52 ಗಂಡಸರಿಗೆ ಇದೇ ಹಾರ್ಮೋನು ತಗ್ಗಿಸುವ ಡೆಗರೆಲಿಕ್ಸ್ ಅಥವಾ ಹುಸಿಮದ್ದು ಕೊಟ್ಟು ನೋಡಿ, ಡೆಗರೆಲಿಕ್ಸ್ ಪಡೆದವರಲ್ಲಿ ಎರಡೇ ವಾರಗಳಲ್ಲಿ ಅಪಾಯದ ಅಂಕ ಇಳಿದದ್ದನ್ನು 2020ರಲ್ಲಿ ವರದಿ ಮಾಡಿದರು. ಈ ಔಷಧಿಗಳಿಂದ ಮೂಳೆ ಸವೆಯುತ್ತದೆ, ಮೈತೂಕ ಏರುತ್ತದೆ, ಮನಸ್ಸು ಕುಗ್ಗಬಹುದು. ರಕ್ತ ಮತ್ತು ಮೂಳೆಯ ತಪಾಸಣೆ ತಪ್ಪಿಸುವಂತಿಲ್ಲ. ಮುಖ್ಯವಾಗಿ, ರೋಗಿಯ ಒಪ್ಪಿಗೆ ಬೇಕು. ಕ್ಯಾಲಿಫೋರ್ನಿಯ 1996ರಲ್ಲಿ ಹಾರ್ಮೋನು ಇಳಿಸುವ ಈ ಚಿಕಿತ್ಸೆಯನ್ನೇ ಶಿಕ್ಷೆಯಾಗಿ ಕಾನೂನಿಗೆ ತಂದಿತು. ನಮ್ಮಲ್ಲಿ ದೆಹಲಿಯ ಅತ್ಯಾಚಾರ ಪ್ರಕರಣದ ನಂತರ ಇಂಥದೇ ಕೂಗು ಎದ್ದಾಗ ನ್ಯಾಯಮೂರ್ತಿ ಜೆ. ಎಸ್. ವರ್ಮಾ ಸಮಿತಿ 2013ರ ಜನವರಿಯ ವರದಿಯಲ್ಲಿ ಅದನ್ನು ತಿರಸ್ಕರಿಸಿತು. ಅತ್ಯಾಚಾರದ ಬೇರು ಅಧಿಕಾರದ ದರ್ಪದಲ್ಲೂ ಇರುವಾಗ ಹಾರ್ಮೋನು ಇಳಿಸಿ ಅದನ್ನು ತಡೆಯಲಾಗದು.

ಚಿಕಿತ್ಸೆ ಫಲ ಕೊಡುತ್ತದೆಯೇ? ಜರ್ಮನಿಯ ಮಾರ್ಟಿನ್ ಶ್ಮುಕರ್ ಮತ್ತು ಫ್ರೀಡ್ರಿಕ್ ಲ್ಯೋಸೆಲ್ 2015ರಲ್ಲಿ 29 ಹೋಲಿಕೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಚಿಕಿತ್ಸೆ ಪಡೆದ ಅಪರಾಧಿಗಳಲ್ಲಿ ಶೇ 10.1, ಪಡೆಯದವರಲ್ಲಿ ಶೇ 13.7 ಮಂದಿ ಮತ್ತೆ ಲೈಂಗಿಕ ಅಪರಾಧ ಎಸಗಿದ್ದರು. ಲಾಭ ಇದೆ, ದೊಡ್ಡದಲ್ಲ. ಇಂಗ್ಲೆಂಡಿನ ಜೈಲುಗಳಲ್ಲಿ ವರ್ಷಗಟ್ಟಲೆ ನಡೆದ ಗುಂಪು ಚಿಕಿತ್ಸೆಯ ಕಥೆ ಇನ್ನೂ ಕಹಿ: 2017ರ ಮೌಲ್ಯಮಾಪನದಲ್ಲಿ ಚಿಕಿತ್ಸೆ ಪಡೆದವರಲ್ಲಿ ಶೇ 10, ಪಡೆಯದವರಲ್ಲಿ ಶೇ 8 ಮಂದಿ ಮತ್ತೆ ಲೈಂಗಿಕ ಅಪರಾಧ ಮಾಡಿದ್ದರು. ಸರ್ಕಾರ ಆ ಕಾರ್ಯಕ್ರಮವನ್ನು ನಿಲ್ಲಿಸಿತು. ಎಲ್ಲರನ್ನೂ ಒಂದೇ ಗುಂಪಿಗೆ ಹಾಕಿ ಒಂದೇ ಪಾಠ ಹೇಳುವುದು ಚಿಕಿತ್ಸೆಯಲ್ಲ.

ಅಪರಾಧ ನಡೆಯುವ ಮೊದಲೇ ಬಾಗಿಲು ತೆರೆದಿಟ್ಟದ್ದು ಬರ್ಲಿನ್‌ನ ಶಾರಿಟೆ ಆಸ್ಪತ್ರೆ. 2005ರಲ್ಲಿ ಶುರುವಾದ ಅಲ್ಲಿನ ಯೋಜನೆ, ಮಕ್ಕಳ ಮೇಲೆ ಆಸಕ್ತಿ ಇದೆಯೆಂದು ಹೆದರಿ ಬರುವವರಿಗೆ ಹೆಸರು ಹೊರಬೀಳದಂತೆ ಉಚಿತವಾಗಿ ಚಿಕಿತ್ಸೆ ಕೊಡುತ್ತದೆ. ‘ಅಪರಾಧಿಯಾಗಬೇಡ’ ಎಂಬುದೇ ಅದರ ಕರೆ.

ಭಾರತದಲ್ಲಿ

ನಮ್ಮಲ್ಲಿ ಇಂಥ ಬಾಗಿಲು ಕಿರಿದು, ಕಾನೂನು ಮಾತ್ರ ಬಿಗಿ. ಕದ್ದು ನೋಡುವುದು, ಚಿತ್ರ ತೆಗೆಯುವುದು 2013ರಿಂದ ಪ್ರತ್ಯೇಕ ಅಪರಾಧ. ಈಗ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷ ಸೆರೆವಾಸ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ, ಮಗುವಿನ ಮೇಲೆ ಅಪರಾಧ ನಡೆದಿದೆ ಎಂದು ತಿಳಿದವರು, ನಡೆಯಬಹುದೆಂಬ ಆತಂಕ ಇರುವವರು, ವೈದ್ಯರೂ ಸೇರಿ, ಪೊಲೀಸರಿಗೆ ತಿಳಿಸಲೇಬೇಕು. ಮಗುವಿನ ರಕ್ಷಣೆಗೆ ಇದು ಬೇಕೇ ಬೇಕು. ಆದರೆ ಮನಸ್ಸಿನಲ್ಲಿರುವ ಆಸಕ್ತಿಯೊಂದೇ ಅಪರಾಧವಲ್ಲ ಎಂಬುದು ಜನರಿಗೂ, ಎಷ್ಟೋ ಸಲ ವೈದ್ಯರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದ ಯಾರೂ ಬಾಯಿ ಬಿಡುವುದಿಲ್ಲ. ಹುಡುಗ ಏನೋ ಎಡವಟ್ಟು ಮಾಡಿದ್ದಾನೆ ಎಂದು ತಿಳಿದ ಮನೆಗಳಲ್ಲಿ ಮೊದಲು ಹುಡುಕುವುದು ವೈದ್ಯರನ್ನಲ್ಲ, ಹೆಣ್ಣನ್ನು. ‘ಒಂದು ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತೆ’ ಎಂಬ ಮಾತಿನಿಂದ ಆದಷ್ಟು ಅನ್ಯಾಯ ಬೇರಾವುದರಿಂದಲೂ ಆಗಿಲ್ಲ. ಮದುವೆ ಚಿಕಿತ್ಸೆಯಲ್ಲ. ಏನೂ ಅರಿಯದ ಹುಡುಗಿಯೊಬ್ಬಳ ಬಾಳನ್ನು ಮದ್ದಿನಂತೆ ಬಳಸಲು ಯಾವ ತಂದೆತಾಯಿಗೂ ಹಕ್ಕಿಲ್ಲ.

ವೈದ್ಯರ ಬಳಿಗೆ ಮೊದಲ ಸಲ ಬಂದವರು ಬಹುತೇಕ ತಲೆನೋವು, ನಿದ್ದೆ ಇಲ್ಲ, ಮೈಕೈ ನೋವು ಎನ್ನುತ್ತಾರೆ. ಎರಡನೆಯ ಮೂರನೆಯ ಭೇಟಿಯಲ್ಲಿ, ಎದ್ದು ಹೊರಡುವಾಗ ಬಾಗಿಲ ಬಳಿ ನಿಂತು, ‘ಇನ್ನೊಂದು ವಿಷಯ ಕೇಳಬೇಕಿತ್ತು ಸಾರ್’ ಎನ್ನುತ್ತಾರೆ. ಆ ಕ್ಷಣದಲ್ಲಿ ವೈದ್ಯರ ಮುಖ ಗಂಟಾದರೆ ಆ ಮನುಷ್ಯ ಮತ್ತೆ ಬರುವುದಿಲ್ಲ.

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ರೋಗಿಯ ಗೋಪ್ಯತೆಯನ್ನು ಹಕ್ಕಾಗಿ ಮಾಡಿದೆ. ಬೇರೆಯವರಿಗೆ ಅಪಾಯವಿರುವಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ಅದಕ್ಕೆ ವಿನಾಯಿತಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇರುವ ಶಟ್ ಚಿಕಿತ್ಸಾಲಯ ಅಂತರ್ಜಾಲದ ಚಟಗಳಿಗೆ ನೆರವು ಕೊಡುತ್ತದೆ. ಮಗುವಿಗೆ ತೊಂದರೆಯಾಗುತ್ತಿದೆ ಎಂದು ಅನುಮಾನ ಬಂದರೂ ಸಾಕು, ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ. ತನ್ನ ಮನಸ್ಸಿನ ಬಗ್ಗೆ ತನಗೇ ಭಯವಿರುವವರಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಇದೆ. ಸಂಖ್ಯೆ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು.